ಆರು ಗೆರೆಯ ಕಾಫಿ

ನಮ್ಮ ಮನೆಯಲ್ಲಿ ಯಾವ ಪದಾರ್ಥವೂ ತನ್ನ ಸ್ವಂತ ಬಾಟಲಿಯಲ್ಲಿ ಇರುವುದಿಲ್ಲ. ತಲೆಗೆ ಹಚ್ಚುವ ಎಣ್ಣೆ, ಪಾತ್ರೆ ತೊಳೆಯುವ ಸೋಪಿನ ನೀರು, ಜೇನುತುಪ್ಪ, ಫಿನಾಯಿಲು, ಎಲ್ಲವೂ ಒಂದೇ ತರಹದ ಔಷಧಿ ಬಾಟಲಿಗಳಲ್ಲಿ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ಪ್ರತಿ ಬಾಟಲಿಯ ಪಕ್ಕೆಗೂ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ. ಒಂದು ಹಲ್ಲಿಗೆ ಒಂದು ಗೆರೆ, ಒಂದು ಗೆರೆಗೆ ಒಂದು ಹೊತ್ತಿನ ಔಷಧಿ. ಕಾರಣ ಇಷ್ಟೆ: ನಮ್ಮ ಯಜಮಾನರು ಮೂವತ್ತಾರು ವರ್ಷ ಕಾಂಪೌಂಡರ್ ಆಗಿದ್ದವರು. ಡಾಕ್ಟರು ಮುಂದಿನ ಕೋಣೆಯಲ್ಲಿ ಕೂತು ಚೀಟಿ ಬರೆಯುವುದು, ಇವರು ಹಿಂದಿನ ಕೋಣೆಯಲ್ಲಿ ನಿಂತು ಔಷಧಿ ಬೆರೆಸಿ, ಬಾಟಲಿಗೆ ತುಂಬಿ, ಪಟ್ಟಿ ಅಂಟಿಸಿ, "ದಿನಕ್ಕೆ ಮೂರು ಸಲ. ಕುಡಿಯೋ ಮುಂಚೆ ಚೆನ್ನಾಗಿ ಅಲುಗಾಡಿಸಿ" ಎಂದು ಸಣ್ಣ ಕಿಟಕಿಯಿಂದ ಕೊಡುವುದು. ಕ್ಲಿನಿಕ್ಕು ಮುಚ್ಚಿ ಎರಡು ವರ್ಷವಾಯಿತು. ಅಭ್ಯಾಸ ಮುಚ್ಚಿಲ್ಲ. ನಾನು ತಲೆಗೆ ಎಣ್ಣೆ ಹಚ್ಚಿಕೊಂಡರೂ, "ಈ ವಾರ ಅರ್ಧ ಗೆರೆ ಜಾಸ್ತಿ ಇಳಿದಿದೆಯಲ್ಲ" ಎನ್ನುತ್ತಾರೆ.

ಬಾಟಲಿಗಳ ಮೇಲೆ ಹೆಸರಿನ ಚೀಟಿ ಇರುತ್ತದೆ, ಇಲ್ಲವೆಂದಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ಆದರೆ ನಾನು ಓದಿದ್ದು ಎರಡನೇ ತರಗತಿ. ಅಕ್ಷರಗಳ ಪರಿಚಯ ಇದೆ, ಸ್ನೇಹ ಇಲ್ಲ. ಒಂದೊಂದನ್ನೇ ಹಿಡಿದು ಕೂಡಿಸಿ ಶಬ್ದ ಮಾಡುವಷ್ಟರಲ್ಲಿ ಒಲೆಯ ಮೇಲಿನದು ಸೀದುಹೋಗಿರುತ್ತದೆ. ಹಾಗಾಗಿ ನನ್ನ ವ್ಯವಹಾರವೆಲ್ಲ ಮೂಗು ಮತ್ತು ಕಿವಿಯ ಮೇಲೆ. ಮೂಗು ಸಾಧಾರಣ. ಕಿವಿ ಮಾತ್ರ (ನನ್ನನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೊಗಳುವುದಿಲ್ಲವಲ್ಲ) ಅಪರೂಪದ್ದು. ಹಾಲು ಉಕ್ಕುವ ಮುಂಚೆ ಮಾಡುವ ಪಿಸುಮಾತು ನಡುಮನೆಯಲ್ಲಿದ್ದರೂ ನನಗೆ ಕೇಳುತ್ತದೆ. ಬಿಂದಿಗೆಗೆ ನೀರು ಬೀಳುವ ಸದ್ದಿನಲ್ಲೇ ಎಷ್ಟು ತುಂಬಿತು ಎಂದು ಹೇಳಬಲ್ಲೆ. ಮಗಳ ಮಗಳು, ನಮ್ಮ ಜೊತೆಯೇ ಇರುವವಳು, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹಟ ಹಿಡಿದು ನನಗೊಂದು ಕನ್ನಡಕ ಮಾಡಿಸಿ ತಂದಳು. ಅದರ ಡಬ್ಬಿ ಬಹಳ ಅನುಕೂಲವಾಗಿದೆ, ಪಿನ್ನುಗಳನ್ನು ಇಟ್ಟುಕೊಂಡಿದ್ದೇನೆ.

ಈಗ ಮುಖ್ಯ ವಿಷಯ. ಕ್ಲಿನಿಕ್ಕು ಮುಚ್ಚುವ ಒಂದು ವಾರದ ಮುಂಚೆ ಡಾಕ್ಟರು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಹತ್ತು ಜನ ರೋಗಿಗಳ ಎದುರಿಗೆ, "ಕಾಂಪೌಂಡರೇ, ಇತ್ತೀಚೆಗೆ ನಿಮ್ಮ ಕೈ ಅಳತೆ ತಪ್ತಾ ಇದೆ" ಎಂದುಬಿಟ್ಟರಂತೆ. ಇವರು ಅಳತೆಯ ಗಾಜಿನ ಲೋಟವನ್ನು ತೊಳೆದು, ಒರೆಸಿ, ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಡಾಕ್ಟರ ಮನೆ ಇರುವುದು ಎರಡೇ ಬೀದಿ ಆಚೆ. ದಾರಿಯಲ್ಲಿ ಎದುರಾದರೆ ಒಬ್ಬರು ವಿದ್ಯುತ್ ಕಂಬ ನೋಡುತ್ತಿದ್ದರು, ಒಬ್ಬರು ಆಕಾಶ ನೋಡುತ್ತಿದ್ದರು. ಆದರೆ ದಿನಾ ಬೆಳಿಗ್ಗೆ ನಾನು ಮಲಗಿದ್ದೇನೆ ಅಂದುಕೊಂಡು ಇವರು ಬಚ್ಚಲಿನಲ್ಲಿ ಆ ಲೋಟಕ್ಕೆ ನೀರು ಹಿಡಿಯುವುದು, ಗೆರೆಗೆ ಸರಿಯಾಗಿ ನಿಲ್ಲಿಸುವುದು, ಚೆಲ್ಲುವುದು, ಮತ್ತೆ ಹಿಡಿಯುವುದು ನನಗೆ ಕೇಳಿಸುತ್ತಿತ್ತು. ನಾನು ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಇದ್ದೆ. ನಲವತ್ತೈದು ವರ್ಷದ ಸಂಸಾರದಲ್ಲಿ ಅರ್ಧ ಕೆಲಸ ಅದೇ ಅಲ್ಲವೆ?

ಹೀಗಿರುವಾಗ ಒಂದು ಸೋಮವಾರ ಸಂಜೆ ಮೊಮ್ಮಗಳು ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮುಂಚೆ ಹೇಳಿದಳು.

"ತಾತ, ಇವತ್ತು ನಿಮ್ಮ ಡಾಕ್ಟ್ರು ನಮ್ಮ ಅಂಗಡಿಗೆ ಬಂದಿದ್ರು."

ಇವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಆದರೆ ಪುಟ ತಿರುಗಿಸುವ ಸದ್ದು ನಿಂತಿತು.

"ಹೊಸ ಕನ್ನಡಕ ತಗೊಂಡ್ರು. ನಿಮ್ಮನ್ನ ಕೇಳಿದ್ರು. ಆಮೇಲೆ ಅದೂ ಇದೂ ಮಾತಾಡ್ತಾ, ಅವರ ತಂಗಿ ಮನೇಲಿ ಯಾವುದೋ ಕಾಫಿ ಕಾಕ್‌ಟೇಲ್ ಕುಡಿದ್ರಂತೆ, ಅದರದ್ದೇ ವರ್ಣನೆ. ಮೇಲ್ಗಡೆ ನೊರೆ, ಒಳಗಡೆ ತಣ್ಣಗೆ ಕಾಫಿ, ಅದರ ಒಳಗಡೆ ಸ್ವಲ್ಪ... ಅದು."

"ಅದು ಅಂದ್ರೆ?" ಎಂದೆ ನಾನು.

"ಅದೇ ಅಜ್ಜಿ. ವೋಡ್ಕಾ."

"ಅಯ್ಯೋ, ಕಾಫಿ ಏನು ತಪ್ಪು ಮಾಡಿತ್ತು ಅಂತ ಅದಕ್ಕೆ ಈ ಶಿಕ್ಷೆ!"

"ಕೇಳಿ ಇಲ್ಲಿ. ಡಾಕ್ಟ್ರು ಅಂದ್ರು, ಅದನ್ನ ಬೆರೆಸೋದು ಎಲ್ಲರಿಗೂ ಬರಲ್ಲಮ್ಮ, ಅದಕ್ಕೆ ಕೈ ಅಳತೆ ಬೇಕು ಅಂತ."

ಪತ್ರಿಕೆ ಕೆಳಗಿಳಿಯಿತು. "ಕೈ ಅಳತೆ ಅಂದ್ರಾ?"

"ಅಂದ್ರು. ನಂಗೆ ಎಲ್ಲಿತ್ತೋ ಕೋಪ, ನಮ್ಮ ತಾತ ಅದಕ್ಕಿಂತ ಚೆನ್ನಾಗಿ ಮಾಡ್ತಾರೆ ಡಾಕ್ಟ್ರೇ, ಭಾನುವಾರ ಐದು ಗಂಟೆಗೆ ಇಬ್ಬರೂ ಬನ್ನಿ ಅಂದ್ಬಿಟ್ಟೆ."

"ಬರ್ತಾರಂತಾ?"

"ತಕ್ಷಣ ಹೂಂ ಅಂದ್ರು ತಾತ. ಕಾಯ್ತಾ ಇದ್ದ ಹಾಗಿತ್ತು."

ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ ಇವರು. "ನಮ್ಮ ಮನೇಲಿ ಅದೆಲ್ಲ ಆಗೋದಿಲ್ಲ" ಎಂದು ಗುಡುಗುತ್ತಾರೆ ಎಂದು ನಾನು ಕಾದೆ. ಇವರು ಎದ್ದು ಕಪಾಟು ತೆಗೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಳತೆಯ ಲೋಟವನ್ನು ಹೊರಗೆ ತೆಗೆದರು.

"ಓದು," ಎಂದರು ಮೊಮ್ಮಗಳಿಗೆ, "ಅದರ ಚೀಟಿ ಎಲ್ಲಿದೆ ನೋಡಿ ಓದು."

ಅವಳು ಫೋನಿನಲ್ಲಿ ಹುಡುಕಿ ಓದಿದಳು. ಗಟ್ಟಿ ಕಾಫಿ ಡಿಕಾಕ್ಷನ್ ಒಂದು ಪಾಲು. ವೋಡ್ಕಾ ಒಂದು ಪಾಲು. ಕಾಫಿಯದೇ ಬಣ್ಣದ ಇನ್ನೊಂದು ಸಿಹಿ ಮದ್ಯ ಅರ್ಧ ಪಾಲು. ಸಕ್ಕರೆ ಪಾಕ ಸ್ವಲ್ಪ. ಎಲ್ಲವನ್ನೂ ಮಂಜುಗಡ್ಡೆಯ ಜೊತೆ ಮುಚ್ಚಳದ ಪಾತ್ರೆಗೆ ಹಾಕಿ, ಪಾತ್ರೆಯ ಮೈ ಬೆವರುವ ತನಕ ಕುಲುಕಬೇಕು. ಸೋಸಿ ಬಗ್ಗಿಸಿದರೆ ಮೇಲೆ ನೊರೆ ನಿಲ್ಲುತ್ತದೆ. ನೊರೆಯ ಮೇಲೆ ಮೂರು ಕಾಫಿ ಬೀಜ.

"ಮೂರು ಯಾಕೆ?" ಎಂದರು ಇವರು ಬರೆದುಕೊಳ್ಳುತ್ತ. "ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದಾ?"

"ಅಲಂಕಾರಕ್ಕೆ ತಾತ."

"ಸ್ವಲ್ಪ ಅಂದ್ರೆ ಎಷ್ಟು? ಸಕ್ಕರೆ ಪಾಕ ಸ್ವಲ್ಪ ಅಂತ ಬರೆದಿದಾನಲ್ಲ, ಇಂಥವನ ಕೈಗೆ ಕ್ಲಿನಿಕ್ಕು ಕೊಟ್ಟರೆ ಊರಿನ ಗತಿ ಏನು?"

ಮಂಗಳವಾರದಿಂದ ಮಹಾಪ್ರಯೋಗ ಶುರುವಾಯಿತು. ಮದ್ಯ ಇನ್ನೂ ಮನೆಗೆ ಬಂದಿರಲಿಲ್ಲ, ಅದರ ಬದಲು ನೀರು. ಕುಲುಕುವುದಕ್ಕೆ ಬಿಸ್ಕತ್ತಿನ ಗಾಜಿನ ಜಾಡಿ. ಮೂವತ್ತಾರು ವರ್ಷ ಊರಿಗೆಲ್ಲ ಅಲುಗಾಡಿಸಿ ಎಂದು ಹೇಳಿದವರು ಈಗ ತಾವೇ ಅಲುಗಾಡಿಸಲು ನಿಂತರು. ಮೊದಲನೆಯ ಸಲ ಮುಚ್ಚಳ ಹಾರಿ ಕಾಫಿ ಅಡಿಗೆಮನೆಯ ಸೂರಿಗೆ ಹೋಯಿತು. ಎರಡನೆಯ ಸಲ ನೊರೆ ಬರಲಿಲ್ಲ. ಮೂರನೆಯ ಸಲ ಬಂತು, ಆದರೆ "ಎಡಗಡೆ ತೆಳ್ಳಗಿದೆ" ಎಂದು ಇವರಿಗೆ ಸಮಾಧಾನವಿಲ್ಲ. ಹೀಗೆ ದಿನಕ್ಕೆ ಆರು ಸಲ. ಮಾಡಿದ್ದನ್ನೆಲ್ಲ ಚೆಲ್ಲುವ ಜಾತಿ ನಾನಲ್ಲ. ನಾಲ್ಕು ದಿನ ತಣ್ಣನೆ ಗಟ್ಟಿ ಕಾಫಿ ಕುಡಿದು ನನ್ನ ಕಣ್ಣು ಚಿಲಕವಿಲ್ಲದ ಬಾಗಿಲಿನ ಹಾಗೆ ತೆರೆದೇ ಇದ್ದವು. ಮಂಜುಗಡ್ಡೆ ಒಡೆದು ಕೊಡುವ ಕೆಲಸವೂ ನನ್ನದೇ. ಶನಿವಾರದ ಹೊತ್ತಿಗೆ ಮೂಗು ಪೂರ್ತಿ ಕಟ್ಟಿ, ಎದೆಯಲ್ಲಿ ಗರಗರ ಸದ್ದು, ಕೆಮ್ಮು.

ಅದೇ ಶನಿವಾರ ಮೊಮ್ಮಗಳು ಚೀಲದಲ್ಲಿ ಸುತ್ತಿಕೊಂಡು ಎರಡು ಬಾಟಲಿ ತಂದಳು. ಇವರು ಕಿಟಕಿ ಮುಚ್ಚಿ, ಪರದೆ ಎಳೆದು, ಅವನ್ನು ಮೇಜಿನ ಮೇಲಿಟ್ಟರು.

"ಈ ಅಂಗಡಿ ಬಾಟಲಿ ಮನೇಲಿ ಕಾಣಬಾರದು," ಎಂದರು. "ನಾಳೆ ಬೇರೆ ಕೈ ನಡುಗಿದರೆ ಕಷ್ಟ. ಈಗಲೇ ಅಳೆದು ಬೆರೆಸಿ ಇಟ್ಟುಬಿಡ್ತೀನಿ."

ಎರಡೂ ಮದ್ಯವನ್ನು ಅಳೆದು ಬೆರೆಸಿ ಔಷಧಿ ಬಾಟಲಿಗೆ ತುಂಬಿದರು. ನೋಡುವುದಕ್ಕೆ ಕಂದು ಬಣ್ಣ. ಆರು ಗೆರೆಯ ಪಟ್ಟಿ ಅಂಟಿಸಿದರು. ತಲೆಗೆ ಎರಡು ಗೆರೆ: ಡಾಕ್ಟರಿಗೆ, ಅವರ ಹೆಂಡತಿ ಡಾಕ್ಟರಮ್ಮನಿಗೆ, ಒತ್ತಾಯ ಮಾಡಿದ್ದಕ್ಕೆ ಮೊಮ್ಮಗಳಿಗೆ. ಮನೆಯವರು ಯಾರಾದರೂ ಅಪ್ಪಿತಪ್ಪಿ ಕುಡಿಯಬಾರದು ಎಂದು ಮೇಲೊಂದು ಚೀಟಿ: "ಹೊರಗೆ ಹಚ್ಚಲು ಮಾತ್ರ."

ಅಷ್ಟರಲ್ಲಿ ನಾನು ಕೆಮ್ಮಿದೆ. ಇವರು ನನ್ನನ್ನು ನೋಡಿ, "ಇರು, ನಿಂಗೂ ಒಂದು ಬೆರೆಸ್ತೀನಿ" ಎಂದರು. ಅದು ಕ್ಲಿನಿಕ್ಕಿನಲ್ಲಿ ಊರಿಗೆಲ್ಲ ಕೊಟ್ಟ ಹಳೆಯ ಕೆಮ್ಮಿನ ಔಷಧಿ. ಜ್ಯೇಷ್ಠಮಧು, ಶುಂಠಿ, ಕಾಳುಮೆಣಸು ಕುದಿಸಿ ಇಳಿಸಿ, ಜೇನು ಬೆರೆಸಿದ್ದು. ಅದಕ್ಕೂ ಕಂದು ಬಣ್ಣ. ಅದಕ್ಕೂ ಅದೇ ತರಹದ ಬಾಟಲಿ, ಆರೇ ಗೆರೆ. ಚೀಟಿ: "ಕೆಮ್ಮಿಗೆ. ದಿನಕ್ಕೆ ಮೂರು ಸಲ." ಎರಡೂ ಬಾಟಲಿ ಕಪಾಟಿನ ಮೇಲೆ ಜೊತೆಯಲ್ಲಿ ನಿಂತವು.

ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಎರಡಕ್ಕೂ ಇರುವೆ ಸಾಲು. ಅತಿಥಿಗಳು ಬರುವ ದಿನ ಇರುವೆ! ಎರಡನ್ನೂ ಬಿಸಿನೀರಿನ ಬೋಗುಣಿಗೆ ಇಳಿಸಿ ಉಜ್ಜಿದೆ. ಇರುವೆ ಹೋದವು. ಅವುಗಳ ಜೊತೆಗೆ ಚೀಟಿಗಳೂ ಹೋದವು. ಬೋಗುಣಿಯ ನೀರಿನ ಮೇಲೆ ಎರಡೂ ಚೀಟಿ ಹಾಯಾಗಿ ಈಜುತ್ತಿವೆ, ಕೈಯಲ್ಲಿ ಎರಡು ಬಾಟಲಿ, ಅವಳಿ ಮಕ್ಕಳ ಹಾಗೆ.

ಯಜಮಾನರು ಕ್ಷೌರಕ್ಕೆ ಹೋಗಿದ್ದರು. ಮೊಮ್ಮಗಳು ಮಂಜುಗಡ್ಡೆ ತರಲು ಹೋಗಿದ್ದಳು. ಇದ್ದಿದ್ದರೂ ಕೇಳುತ್ತಿರಲಿಲ್ಲ ಅನ್ನಿ. ಚೀಟಿ ಕಿತ್ತುಹೋಯಿತು ಎಂದು ಇವರಿಗೆ ಹೇಳಿದರೆ ಅರ್ಧ ಗಂಟೆ ಚೀಟಿಯ ಮಹತ್ವದ ಬಗ್ಗೆ ಭಾಷಣ. ಮೂಸಿ ನೋಡಿದೆ. ಕಟ್ಟಿದ ಮೂಗಿಗೆ ಎರಡೂ ಒಂದೇ. ಕುಡಿದು ನೋಡೋಣವೆಂದರೆ ಒಂದರಲ್ಲಿ ಅದು ಇದೆ! ನಾನು ಅದನ್ನು ನಾಲಿಗೆಗೆ ತಾಗಿಸುವುದುಂಟೆ?

ಕಿವಿ ಇರುವಾಗ ಚಿಂತೆ ಏಕೆ ಎಂದುಕೊಂಡೆ. ಒಂದು ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದೆ. ಚಳಕ್ ಚಳಕ್ ಎಂದಿತು. ಇನ್ನೊಂದನ್ನು ಕುಲುಕಿದೆ. ಗುಳುಕ್, ಗುಳುಕ್. ಸರಿ, ಇನ್ನೇನು ಬೇಕು? ಕೆಮ್ಮಿನ ಔಷಧಿಗೆ ಜೇನು ಹಾಕಿದ್ದಾರೆ, ಅದು ಗಟ್ಟಿ, ಹಾಗಾಗಿ ಗುಳುಕ್ ಎನ್ನುವುದೇ ಔಷಧಿ. ಚಳಕ್ ಎನ್ನುವುದು ಮದ್ಯ. ಆಮೇಲೆ ಚೀಟಿಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಹಿಟ್ಟಿನ ಅಂಟಿನಿಂದ, ತಲೆಕೆಳಗಾಗದ ಹಾಗೆ ನೇರವಾಗಿ ಅಂಟಿಸಿದೆ. ಪಟ್ಟಿಗಳೂ ಸ್ವಲ್ಪ ಅಲುಗಿದ್ದವು, ಅವನ್ನೂ ಒತ್ತಿ ಕೂರಿಸಿದೆ. ಕಾಂಪೌಂಡರ ಹೆಂಡತಿ ಎಂದರೆ ಸುಮ್ಮನೆಯೆ? ನನ್ನ ಕೆಲಸಕ್ಕೆ ನಾನೇ ತಲೆದೂಗಿದೆ.

ಹನ್ನೊಂದು ಗಂಟೆಗೆ ಮೊದಲನೆಯ ಗೆರೆಯನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿ ಕುಡಿದೆ. ಗಂಟಲಿನಿಂದ ಎದೆಯ ತನಕ ಉರಿದುಕೊಂಡು ಇಳಿಯಿತು. ಔಷಧಿ ಎಂದಮೇಲೆ ಉರಿಯಬೇಕು. ಇವರ ಕೈ ಇನ್ನೂ ಗಟ್ಟಿಯಾಗಿದೆ ಎಂದು ಸಂತೋಷವಾಯಿತು.

ಎರಡು ಗಂಟೆಗೆ ಎರಡನೆಯದು. ಕೆಮ್ಮು ಊರು ಬಿಟ್ಟು ಓಡಿತು. ಮನಸ್ಸು ಹತ್ತಿಯ ಹಾಗೆ ಹಗುರವಾಯಿತು. ನೆಲ ಗುಡಿಸುವಾಗ ಪೊರಕೆ ತಾನೇ ಮುಂದೆ ಮುಂದೆ ಹೋಗುತ್ತಿದೆ, ನಾನು ಅದರ ಹಿಂದೆ. ಏಳು ವರ್ಷದ ಹಿಂದೆ ನನ್ನ ಜರಡಿ ತೆಗೆದುಕೊಂಡು ಹೋಗಿ ವಾಪಸು ಕೊಡದ ಪಕ್ಕದ ಮನೆಯವಳನ್ನು ನಿಂತ ನಿಲುವಿನಲ್ಲೇ ಕ್ಷಮಿಸಿದೆ. ಪಾಪ, ಜರಡಿ ಎಲ್ಲರಿಗೂ ಬೇಕಲ್ಲ.

ನಾಲ್ಕು ಗಂಟೆಗೆ ಮೂರನೆಯದು. ಆಗ ಯಜಮಾನರು ನುಣ್ಣಗೆ ಕ್ಷೌರ ಮಾಡಿಸಿಕೊಂಡ ಮುಖದಲ್ಲಿ, ಬಿಳಿ ಅಂಗಿ ತೊಟ್ಟು, ಅಳತೆಯ ಲೋಟ ಒರೆಸುತ್ತ ನಿಂತಿದ್ದರು. ನಾನು ಬಾಗಿಲಿಗೆ ಒರಗಿ ನೋಡಿದೆ.

"ರೀ."

"ಏನೇ?"

"ನೀವು ಮೊದಲಿಂದಲೂ ಇಷ್ಟು ಚೆನ್ನಾಗಿದ್ರಾ?"

ಇವರು ಲೋಟ ಕೆಳಗಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದರು. "ಜ್ವರ ಏನಾದ್ರೂ ಬಂತಾ? ಔಷಧಿ ತಗೊಂಡ್ಯಾ?"

"ಮೂರು ಸಲ ತಗೊಂಡೆ. ನಿಮ್ಮ ಕೈ ಬಂಗಾರ ಕಣ್ರೀ."

"ಆಯ್ತು, ಆಯ್ತು. ಅವರ ಎದುರಿಗೆ ಹೀಗೆಲ್ಲ ಮಾತಾಡಬೇಡ. ಇವತ್ತು ನಂಗೆ..." ಎಂದವರು ಕೈ ನೋಡಿಕೊಂಡು, ಮತ್ತೆ ಲೋಟ ಒರೆಸತೊಡಗಿದರು.

ಐದಕ್ಕೆ ಸರಿಯಾಗಿ ಡಾಕ್ಟರು ಮತ್ತು ಡಾಕ್ಟರಮ್ಮ ಬಂದರು. ಡಾಕ್ಟರಮ್ಮ ಮೊದಲಿನಿಂದಲೂ ನನ್ನನ್ನು ಅಕ್ಕ ಎನ್ನುವವರು, ಬಂದು ಕೈ ಹಿಡಿದುಕೊಂಡರು. ಗಂಡಸರಿಬ್ಬರೂ ಎದುರುಬದುರು ಕುರ್ಚಿಯಲ್ಲಿ ಕೂತರು. ಒಬ್ಬರು ಗೋಡೆಯ ಗಡಿಯಾರ ನೋಡಿದರು, ಒಬ್ಬರು ಫ್ಯಾನು ನೋಡಿದರು.

"ಸೆಕೆ," ಎಂದರು ಡಾಕ್ಟರು ಗಡಿಯಾರಕ್ಕೆ.

"ಹೌದು," ಎಂದರು ಇವರು ಫ್ಯಾನಿಗೆ.

ಮಾತು ಅಲ್ಲಿಗೆ ಮುಗಿಯಿತು. ಇವರು ಎದ್ದು ಮೇಜಿನ ಹತ್ತಿರ ಹೋದರು. ಡಿಕಾಕ್ಷನ್ ಅಳೆದರು. "ಹೊರಗೆ ಹಚ್ಚಲು ಮಾತ್ರ" ಎಂಬ ಬಾಟಲಿಯಿಂದ ಎರಡೆರಡು ಗೆರೆ, ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ಅಳೆದರು. ವಾಸನೆಯಲ್ಲಿ ವ್ಯತ್ಯಾಸ ತಿಳಿಯಲಿಲ್ಲವೆ ಎಂದು ಕೇಳಬೇಡಿ. ಸ್ಪಿರಿಟ್ಟು, ಟಿಂಕ್ಚರು ಮೂಸಿ ಮೂಸಿ ಇವರ ಮೂಗು ಎಂದೋ ನಿವೃತ್ತಿಯಾಗಿದೆ. ಮಂಜುಗಡ್ಡೆ ಹಾಕಿ, ಮುಚ್ಚಳ ಬಿಗಿದು, ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಡಾಕ್ಟರು ಈಗ ಗಡಿಯಾರ ನೋಡುತ್ತಿರಲಿಲ್ಲ. ಕುತ್ತಿಗೆ ಮುಂದೆ ಮಾಡಿ ಆ ಕೈಗಳನ್ನೇ ನೋಡುತ್ತಿದ್ದರು.

ಕಾಲಿರುವ ಐಸ್‌ಕ್ರೀಮ್ ಬಟ್ಟಲುಗಳಿಗೆ ಸೋಸಿ ಬಗ್ಗಿಸಿದಾಗ ನೊರೆ ಎಡಬಲ ಎನ್ನದೆ ಸಮನಾಗಿ ನಿಂತಿತು. ಮೊಮ್ಮಗಳು ಮೂರು ಮೂರು ಬೀಜ ಇಟ್ಟಳು. ಇವರಿಗೂ ನನಗೂ ಬರೀ ಕಾಫಿ.

ಡಾಕ್ಟರಮ್ಮ ಒಂದು ಗುಟುಕು ಕುಡಿದು ಎದೆಯ ಮೇಲೆ ಕೈಯಿಟ್ಟರು. "ಅಯ್ಯಪ್ಪಾ, ಏನು ಸ್ಟ್ರಾಂಗು! ಅಕ್ಕ, ನಂಗೆ ಆಗಲೇ ತಲೆಗೇರ್ತಾ ಇದೆ." ಇನ್ನೊಂದು ಗುಟುಕಿಗೆ ಕಿಸಕ್ಕೆಂದು ನಕ್ಕರು. ಮೂರನೆಯದಕ್ಕೆ, "ಈ ಮನೆ ಯಾಕೆ ಸ್ವಲ್ಪ ವಾಲಿದೆ?" ಎಂದರು.

"ಹೌದಲ್ವಾ?" ಎಂದೆ ನಾನು. ನನಗೂ ಹಾಗೇ ಕಾಣುತ್ತಿತ್ತು.

ಮೊಮ್ಮಗಳು ಕುಡಿದವಳು ಹುಬ್ಬು ಗಂಟಿಕ್ಕಿ ಬಟ್ಟಲನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ತಾತನ ಮುಖ ನೋಡಿ ಮುಚ್ಚಿಕೊಂಡಳು. (ಕಾರಣ ಆಮೇಲೆ ತಿಳಿಯಿತು. "ಇದರಲ್ಲಿ ಅದು ಇಲ್ಲ" ಎಂದರೆ, "ಅದರ ರುಚಿ ನಿಂಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ಬರುತ್ತಿತ್ತು.)

ಡಾಕ್ಟರು ಮಾತ್ರ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮತ್ತೊಂದು ಸಣ್ಣ ಗುಟುಕು. ಬಾಯಲ್ಲೇ ಇಟ್ಟುಕೊಂಡು ಕೂತರು. ನುಂಗಲೂ ಇಲ್ಲ, ಮಾತಾಡಲೂ ಇಲ್ಲ. ಇವರು ಜಾಡಿಯ ಮುಚ್ಚಳವನ್ನು ತಿರುಗಿಸುತ್ತ, ಮತ್ತೆ ತಿರುಗಿಸುತ್ತ ನಿಂತ ಸದ್ದು ನನಗೆ ಕೇಳಿಸಿತು. ಎರಡು ವರ್ಷದ ಬಚ್ಚಲಿನ ನೀರಿನ ಸದ್ದೆಲ್ಲ ಒಟ್ಟಿಗೆ ಕೇಳಿಸಿತು.

ನಾನು ಅತಿಥಿಗಳ ಎದುರಿಗೆ ಮಾತಾಡುವವಳಲ್ಲ. ಕಾಫಿ ಕೊಟ್ಟು, ಸೆರಗಿನ ತುದಿ ಹಿಡಿದು, ಕೇಳಿಸಿಕೊಂಡು ಕೂರುವವಳು. ಆದರೆ ಆವತ್ತು ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ.

"ಡಾಕ್ಟ್ರೇ," ಎಂದೆ ಎದ್ದು ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡು. "ಏನಾದ್ರೂ ಹೇಳ್ತೀರೋ, ಅದನ್ನ ಬಾಯಲ್ಲೇ ಇಟ್ಕೊಂಡು ಮನೆಗೆ ಹೋಗ್ತೀರೋ?"

"ಲೇ!" ಎಂದರು ಇವರು.

"ನೀವು ಸುಮ್ನಿರಿ. ಡಾಕ್ಟ್ರೇ, ಈ ಮನುಷ್ಯ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಆ ಲೋಟಕ್ಕೆ ನೀರು ಹಿಡಿದು ಅಳೀತಾರೆ. ಎರಡು ವರ್ಷ! ಒಂದು ದಿನ ಬಿಟ್ಟಿಲ್ಲ. ನೀರಿನ ಬಿಲ್ಲು ನೀವು ಕಟ್ತೀರಾ?"

"ನಿಂಗೆ ಕೇಳ್ತಾ ಇತ್ತಾ?" ಎಂದರು ಇವರು, ಸಣ್ಣ ದನಿಯಲ್ಲಿ.

"ನಂಗೆ ಏನು ಕೇಳಲ್ಲ? ಎಲ್ಲಾ ಕೇಳತ್ತೆ. ಡಾಕ್ಟ್ರಿಗೆ ಜ್ವರ ಬಂದಾಗ ಕಿಟಕಿ ಹತ್ರ ಬಂದು, ಕಾಂಪೌಂಡರೇ ನಂಗೆ ಆ ಕಹಿ ಔಷಧಿ ಬೇಡ, ಸಿಹಿ ಇರೋದು ಕೊಡಿ ಅಂತ ಪಿಸುಗುಟ್ಟಿದ್ದೂ ಕೇಳಿದೀನಿ, ಊಟದ ಕ್ಯಾರಿಯರ್ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ಊರಿಗೆಲ್ಲ ಕಹಿ, ನಿಮಗೆ ಮಾತ್ರ ಸಿಹಿ! ಅಂಥ ಕೈ ಅಳತೆ ತಪ್ಪಿತು ಅಂತೀರಲ್ಲ, ತಪ್ಪಿದ್ದು ಯಾರ ಅಳತೆ?"

ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. "ಭೇಷ್ ಅಕ್ಕ! ಇನ್ನೂ ಹೇಳಿ! ಈ ಮನುಷ್ಯಂಗೆ ನಾನು ಹೇಳಿದ್ರೆ ಕೇಳಲ್ಲ!"

ಡಾಕ್ಟರು ಬಟ್ಟಲನ್ನು ಮೇಜಿನ ಮೇಲಿಟ್ಟರು. ಬಾಯಲ್ಲಿದ್ದುದನ್ನು ನುಂಗಿದರು. ಹೊಸ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎರಡು ವರ್ಷದಲ್ಲಿ ಮೊದಲನೆಯ ಸಲ ಇವರ ಮುಖ ನೋಡಿದರು.

"ಕಾಂಪೌಂಡರೇ, ಇದರಲ್ಲಿ ಜ್ಯೇಷ್ಠಮಧು ಎಷ್ಟು?"

"ಎರಡು ಡ್ರಾಮು ಡಾಕ್ಟ್ರೇ," ಎಂದರು ಇವರು, ಹಳೆಯ ಕ್ಲಿನಿಕ್ಕಿನ ಅಳತೆಯಲ್ಲೇ, ಅಲ್ಲೇ ನಿಂತವರ ಹಾಗೆ, ಯೋಚಿಸದೆ.

"ಶುಂಠಿ?"

"ಅದರರ್ಧ. ಮೆಣಸು ಕಾಲು..." ಎಂದವರು ಅಲ್ಲೇ ನಿಂತರು. ಮುಖದ ಬಣ್ಣ ಇಳಿಯಿತು. "ಅಯ್ಯೋ, ಅದು... ಅದು ಕೆಮ್ಮಿನ ಔಷಧಿ!"

"ಅದೇ," ಎಂದರು ಡಾಕ್ಟರು. "ಮೂವತ್ತಾರು ವರ್ಷ ಬರೆದ ಚೀಟಿ. ಜ್ವರಕ್ಕೂ ಕಹಿ ಬಿಟ್ಟು ಈ ಸಿಹಿ ಕೆಮ್ಮಿನ ಔಷಧಿಯನ್ನೇ ನಾನು ಎಷ್ಟು ಸಲ ಕುಡಿದಿದೀನಿ, ಈಗ ನಿಮ್ಮನೆಯವರೇ ಹೇಳಿದ್ರಲ್ಲ. ಮೊದಲನೇ ಗುಟುಕಿಗೇ ಗೊತ್ತಾಯ್ತು. ಎರಡನೇ ಗುಟುಕಿಗೆ ಅಳತೆ ನೋಡ್ತಾ ಇದ್ದೆ." ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡರು. "ಒಂದು ಹನಿ ತಪ್ಪಿಲ್ಲ ಕಾಂಪೌಂಡರೇ."

ಇವರು ಲೋಟ ಒರೆಸುವ ಬಟ್ಟೆಯಿಂದ ಮೂಗು ಒರೆಸಿಕೊಂಡರು. (ಇಂಥ ಅಶುಚಿಯನ್ನು ಇವರು ಜೀವಮಾನದಲ್ಲಿ ಮಾಡಿದ್ದಿಲ್ಲ.)

"ಹೋದ ತಿಂಗಳು ನಂಗೆ ಪೊರೆ ತೆಗೆದ್ರು," ಎಂದರು ಡಾಕ್ಟರು. "ಎರಡೂ ಕಣ್ಣಿಂದು. ಮನೇಲಿ ಉಳಿದಿದ್ದ ಆ ಹಳೇ ಬಾಟಲಿ ಮತ್ತೆ ಬೆಳಕಿಗೆ ಹಿಡಿದು ನೋಡಿದೆ. ಔಷಧಿ ಗೆರೆಗೆ ಸರಿಯಾಗೇ ಇತ್ತು. ಆವತ್ತು ನನ್ನ ಕಣ್ಣಿಗೆ ಗೆರೆ ಎರಡು ಕಾಣ್ತಿತ್ತು. ಹೇಳೋಕೆ ಬರ್ಬೇಕು ಅಂತ ತಿಂಗಳಿಂದ ಈ ಬೀದೀಲಿ ಓಡಾಡ್ತಿದೀನಿ, ನೀವು ಕಂಬ ನೋಡ್ತೀರಿ."

"ಕಂಬ ನೋಡೋದು ನೀವು. ನಾನು ಆಕಾಶ," ಎಂದರು ಇವರು.

ಇಬ್ಬರೂ ನಕ್ಕರು. ಎಂಥ ನಗು! ನನಗೂ ಕಣ್ಣು ತುಂಬಿತು. ಅಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಡಾಕ್ಟರಮ್ಮ ಬಟ್ಟಲನ್ನು ಮೇಲೆ ಕೆಳಗೆ ನೋಡಿದರು. "ಹಾಗಾದ್ರೆ ಇದರಲ್ಲಿ ಅದು ಇಲ್ವಾ? ನಂಗೆ ತಲೆ ತಿರುಗ್ತಾ ಇದೆಯಲ್ಲ?"

"ಕೆಮ್ಮಿನ ಔಷಧಿಗೆ ತಲೆ ತಿರುಗಲ್ಲ ಕಣೇ," ಎಂದರು ಡಾಕ್ಟರು.

ಆ ಕ್ಷಣವೇ ಅವರ ಅಮಲು ಇಳಿದುಹೋಯಿತು. ಪಾಪ, ಬಹಳ ನಿರಾಸೆಯಾಯಿತು ಅವರಿಗೆ. ಆಮೇಲೆ ಏನೋ ಹೊಳೆದವರ ಹಾಗೆ ಕೇಳಿದರು. "ಮತ್ತೆ ಅದು ಎಲ್ಲಿ ಹೋಯ್ತು?"

ಇವರು ನಿಧಾನವಾಗಿ ಕಪಾಟಿನ ಕಡೆ ತಿರುಗಿದರು. "ಕೆಮ್ಮಿಗೆ. ದಿನಕ್ಕೆ ಮೂರು ಸಲ" ಎಂಬ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಆರರಲ್ಲಿ ಮೂರು ಗೆರೆ ಖಾಲಿ. ಡಾಕ್ಟರು ಅದನ್ನು ಇಸಕೊಂಡು ಮೂಸಿ ನೋಡಿ ತಲೆ ಹಿಂದಕ್ಕೆಳೆದರು.

ನಾಲ್ಕು ಜೋಡಿ ಕಣ್ಣು ನನ್ನ ಮೇಲೆ ಬಂದು ಕೂತವು. ನಾನಾಗ ಕುರ್ಚಿಯ ಬೆನ್ನಿಗೆ, ಅದು ಬಹಳ ಒಳ್ಳೆಯ ಕುರ್ಚಿ, ನನ್ನನ್ನು ಎಂದೂ ಬೀಳಿಸಿಲ್ಲ ಎಂದು ಹೇಳುತ್ತಿದ್ದೆನಂತೆ.

"ಅಮ್ಮ, ಕೆಮ್ಮು ಹೇಗಿದೆ?" ಎಂದರು ಡಾಕ್ಟರು, ಬಹಳ ಗಂಭೀರವಾಗಿ.

"ಕೆಮ್ಮಾ? ಯಾವ ಕೆಮ್ಮು? ಡಾಕ್ಟ್ರೇ, ಇಷ್ಟು ವರ್ಷದಲ್ಲಿ ಇಂಥ ಔಷಧಿ ನೀವು ಒಂದು ಸಲ ಕೊಟ್ಟಿದ್ರಾ?"

ಮೊಮ್ಮಗಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೀಟಿಯ ವಿಷಯ, ಇರುವೆಯ ವಿಷಯ, ಚಳಕ್ ಗುಳುಕ್ ವಿಷಯ ಎಲ್ಲ ಅಲ್ಲೇ ಹೊರಗೆ ಬಂತು, ನಾನೇ ಹೇಳಿದೆ, ಅಭಿನಯದ ಸಮೇತ. ಇವರು ಹಣೆ ಹಣೆ ಬಡಿದುಕೊಂಡರು. ಸಕ್ಕರೆ ಪಾಕವನ್ನೂ ಶನಿವಾರವೇ ಮದ್ಯದ ಬಾಟಲಿಗೆ ಬೆರೆಸಿಬಿಟ್ಟಿದ್ದರಂತೆ, ಅದಕ್ಕೇ ಗುಳುಕ್. ಡಬ್ಬಿಯ ತಳದಲ್ಲಿದ್ದ ಜೇನು ಒಂದೇ ಚಮಚವಂತೆ, ಅದಕ್ಕೇ ಚಳಕ್. ಕಿವಿ ತಪ್ಪು ಹೇಳಿರಲಿಲ್ಲ ನೋಡಿ. ಗಟ್ಟಿ ಯಾವುದು, ತೆಳ್ಳಗೆ ಯಾವುದು ಎಂದು ಸರಿಯಾಗಿಯೇ ಹೇಳಿತ್ತು. ಆದರೆ ಈ ವಾದವನ್ನು ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮರುದಿನ ನನ್ನ ತಲೆಯೊಳಗೆ ಯಾರೋ ಜಾಡಿ ಕುಲುಕಿದ ಹಾಗಿತ್ತು. ಯಜಮಾನರು ಬೆಳಿಗ್ಗೆ ಬಚ್ಚಲಿಗೆ ಹೋದರು. ಲೋಟದ ಸದ್ದು ಕೇಳಲಿಲ್ಲ. ಮುಖ ತೊಳೆದು ಬಂದು, ನನ್ನ ಪಕ್ಕ ಕೂತು ಹಣೆ ಒತ್ತಿದರು. ಒತ್ತುತ್ತ ನಿಧಾನವಾಗಿ, "ಲೇ, ನಾನು ನಿಜವಾಗ್ಲೂ ಮೊದಲಿಂದಲೂ ಅಷ್ಟು ಚೆನ್ನಾಗಿದ್ನಾ?" ಎಂದು ಕೇಳಿದರು. ನಿದ್ದೆ ಬಂದವಳ ಹಾಗೆ ಮಲಗಿದೆ.

ಈಗ ಪ್ರತಿ ಭಾನುವಾರ ಐದು ಗಂಟೆಗೆ ಡಾಕ್ಟರು ಬರುತ್ತಾರೆ. ಬಂದವರು ಕೇಳುವುದು ಅದೇ ಕೆಮ್ಮಿನ ಕಾಫಿ. ಇವರು ಅಳೆದು, ಬೆರೆಸಿ, ಕುಲುಕಿ ಕೊಡುತ್ತಾರೆ. ಡಾಕ್ಟರು ಕಣ್ಣು ಮುಚ್ಚಿ ಕುಡಿದು, "ಶುಂಠಿ ಒಂದು ಕೂದಲೆಳೆ ಜಾಸ್ತಿ" ಎನ್ನುತ್ತಾರೆ. ಇವರು "ನಿಮ್ಮ ನಾಲಿಗೆಗೂ ಪೊರೆ ಬಂದಿದೆ" ಎನ್ನುತ್ತಾರೆ. ಸಂಜೆ ಸೊಗಸಾಗಿ ಕಳೆಯುತ್ತದೆ. ಡಾಕ್ಟರಮ್ಮ ಮಾತ್ರ ಬರೀ ಕಾಫಿ ಕುಡಿಯುತ್ತ ಆಗಾಗ ಮೇಲಿನ ಕಪಾಟಿನ ಕಡೆ ನೋಡುತ್ತಾರೆ.

ಅಲ್ಲಿ ಮೂರು ಗೆರೆ ಉಳಿದ ಆ ಬಾಟಲಿ ಇದೆ. ಅದಕ್ಕೆ ಇವರು ಹೊಸ ಚೀಟಿ ಬರೆದು ಅಂಟಿಸಿದ್ದಾರೆ. ಅಕ್ಷರಗಳು ಹೆಬ್ಬೆರಳಿನಷ್ಟು ದಪ್ಪ. ನೀರು ತಾಗಿದರೂ ಏಳಬಾರದೆಂದು ಅದರ ಮೇಲೆ ಮೂರು ಸುತ್ತು ಪ್ಲಾಸ್ಟಿಕ್ ಟೇಪು. ಏನು ಬರೆದಿದೆ ಎಂದು ಕೇಳಿದರೆ ತಾತನೂ ಮೊಮ್ಮಗಳೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆಯೇ ಹೊರತು ಹೇಳುವುದಿಲ್ಲ. ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಚೀಟಿ ಏನನ್ನೂ ಹೇಳುವುದಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಪಿನ್ನುಗಳನ್ನೆಲ್ಲ ಬೇರೆ ಡಬ್ಬಿಗೆ ಸುರಿದು, ಕನ್ನಡಕ ಒರೆಸಿ ಮೂಗಿನ ಮೇಲಿಟ್ಟುಕೊಂಡು, ಸ್ಟೂಲು ಹತ್ತಿ, ಒಂದೊಂದೇ ಅಕ್ಷರ ಕೂಡಿಸಿದೆ.

ಅ... ಜ್ಜಿ... ಗೆ... ಕೊ... ಡ... ಬಾ... ರ... ದು.

ಆ ಕನ್ನಡಕದಲ್ಲಿ ನಾನು ಮೊಟ್ಟಮೊದಲು ಓದಿದ್ದು ಇದೇ. ತುಂಬಾ ಸ್ಪಷ್ಟವಾಗಿ ಕಾಣುತ್ತದೆ.